ಓಕ್ ಹಲಗೆ ಹಾಸುವ ಮುನ್ನ ಕೆಳಗಿನ ನೆಲ ಹೇಗಿರಬೇಕು?

ಪ್ರಶ್ನೆ: ನಮ್ಮ ಮನೆಯ ಕೆಳಗಿನ ಹಜಾರಕ್ಕೂ ಮೇಲಿನ ಮಲಗುವ ಕೋಣೆಗೂ ಅಖಂಡ ಓಕ್ ಹಲಗೆ (ಪದರ ಅಂಟಿಸಿದ್ದಲ್ಲ) ಹಾಸಿಸಬೇಕೆಂದಿದ್ದೇವೆ. ಹಲಗೆಯ ದಪ್ಪ 19 ಮಿ.ಮೀ., ಅಗಲ 125 ಮಿ.ಮೀ. ಹಜಾರದ್ದು 100 ಮಿ.ಮೀ. ದಪ್ಪದ ಕಾಂಕ್ರೀಟ್ ನೆಲ. ಹಾಕಿ ಎರಡು ತಿಂಗಳು ಕಳೆದಿದೆ, ನೋಡಲು ಒಣಗಿದಂತಿದೆ. ಮೇಲಿನ ಕೋಣೆಯಲ್ಲಿ ಮರದ ಜಂತೆಗಳ ಮೇಲೆ ಹಳೆಯ ಪ್ಲೈವುಡ್ ಇದೆ. ನಡೆದರೆ ಅಲ್ಲಲ್ಲಿ ಕಿರುಗುಟ್ಟುತ್ತದೆ. ಅದರ ಮೇಲಿದ್ದ ಹಳೆಯ ವಿನೈಲ್ ಕಿತ್ತಾಗ ಕಪ್ಪು ಅಂಟು ಉಳಿದುಕೊಂಡಿದೆ. ಹಾಸುವವರು “ಪ್ಲಾಸ್ಟಿಕ್ ಹಾಳೆ ಹಾಕಿ, ಪ್ಲೈವುಡ್ ಬಡಿದು, ಎರಡೇ ದಿನದಲ್ಲಿ ಮುಗಿಸುತ್ತೇವೆ” ಎನ್ನುತ್ತಿದ್ದಾರೆ. ಇಷ್ಟು ಸಾಕೆ? ನೆಲವನ್ನು ಲೆವೆಲ್ ಮಾಡಿಸಬೇಕೆ? ಹಲಗೆಯನ್ನು ಎಷ್ಟು ದಿನ ಮನೆಯೊಳಗೆ ಇಟ್ಟು ಆಮೇಲೆ ಹಾಸಬೇಕು?

ಉತ್ತರ: ಎರಡು ದಿನ ಎನ್ನುವುದು ಹಲಗೆ ಬಡಿಯುವ ಕೆಲಸದ ಲೆಕ್ಕ. ಬಡಿಯಲು ಯೋಗ್ಯವಾದ ನೆಲ ಸಿದ್ಧವಾಗುವುದಕ್ಕೆ ನಿಮ್ಮ ಮೇಲಿನ ಕೋಣೆಯಲ್ಲಿ ಕೆಲವು ದಿನ, ಕೆಳಗಿನ ಹಜಾರದಲ್ಲಿ ಪ್ರಾಯಶಃ ಕೆಲವು ವಾರಗಳೇ ಬೇಕಾಗುತ್ತವೆ. ಯಾವತ್ತು ಶುರು ಮಾಡಬೇಕು ಎಂಬುದನ್ನು ಕ್ಯಾಲೆಂಡರ್ ನೋಡಿ ಹೇಳುವವರನ್ನು ನಾನು ನಂಬುವುದಿಲ್ಲ. ಅದನ್ನು ಹೇಳಬೇಕಾದದ್ದು ತೇವಾಂಶ ಮಾಪಕ.

ಹಲಗೆಯ ಕೆಳಗಿರುವ ನೆಲವನ್ನು ಕೆಲಸದವರು ಸಬ್‌ಫ್ಲೋರ್ ಎನ್ನುತ್ತಾರೆ. ನಾನಿಲ್ಲಿ ತಳನೆಲ ಎನ್ನುತ್ತೇನೆ. ಅದು ಒಣಗಿರಬೇಕು, ಉಬ್ಬುತಗ್ಗಿಲ್ಲದೆ ಇರಬೇಕು, ಅಲುಗಾಡಬಾರದು. ಮೂರರಲ್ಲಿ ಮೊದಲನೆಯದೊಂದೇ ಉಳಿದೆರಡನ್ನು ಸೇರಿಸಿದರೂ ಮೀರಿಸುವಷ್ಟು ಮುಖ್ಯ. ಏಕೆಂದರೆ ಉಬ್ಬನ್ನು ಕಣ್ಣು ಕಾಣುತ್ತದೆ, ಅಲುಗಾಟವನ್ನು ಕಾಲು ಹೇಳುತ್ತದೆ. ತೇವ ಮಾತ್ರ ಹಲಗೆ ಹಾಸಿ, ಪಾಲಿಶ್ ಮಾಡಿ, ಹಣವನ್ನೂ ಕೊಟ್ಟು ಮುಗಿಸಿದ ಮೇಲೆ ತಲೆ ಎತ್ತುತ್ತದೆ.

ಮರ ಎಷ್ಟು ಹಿಗ್ಗುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಮರ ಉದ್ದಕ್ಕೆ ಹೆಚ್ಚೂ ಕಡಿಮೆ ಹಿಗ್ಗುವುದೇ ಇಲ್ಲ, ಹಿಗ್ಗುವುದೆಲ್ಲ ಅಗಲಕ್ಕೆ. ಸಾಮಾನ್ಯ ರೀತಿಯಲ್ಲಿ, ಅಂದರೆ ಬೆಳವಣಿಗೆಯ ಉಂಗುರಗಳು ಹಲಗೆಯ ಮುಖಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬರುವಂತೆ ಕೊಯ್ದ ಓಕ್ ಹಲಗೆಯ ತೇವಾಂಶ ಶೇ. 1ರಷ್ಟು ಏರಿದರೆ ಅದರ ಅಗಲ ಸುಮಾರು ಶೇ. 0.37ರಷ್ಟು ಹೆಚ್ಚುತ್ತದೆ. ಶೇ. 8ರ ತೇವಾಂಶದಲ್ಲಿ ಹಾಸಿದ ನಿಮ್ಮ ಹಲಗೆ ಕೆಳಗಿನ ತೇವ ಹೀರಿ ಶೇ. 12ಕ್ಕೆ ಏರಿತು ಎಂದಿಟ್ಟುಕೊಳ್ಳಿ. ಒಂದೊಂದು ಹಲಗೆಯೂ 1.8 ಮಿ.ಮೀ. ಅಗಲವಾಗಬಯಸುತ್ತದೆ. ಬರಿ ಒಂದು ಹಲಗೆಯಾದರೆ ಅದೇನೂ ಅಲ್ಲ. ಆದರೆ 4 ಮೀಟರ್ ಅಗಲದ ಹಜಾರದಲ್ಲಿ ಅಂಥ 32 ಹಲಗೆಗಳು ಒತ್ತೊತ್ತಾಗಿ ಕೂತಿರುತ್ತವೆ. ಒಟ್ಟು ಸೇರಿ 58 ಮಿ.ಮೀ.ಗೂ ಹೆಚ್ಚು. ಗೋಡೆಯ ಬುಡದಲ್ಲಿ ಎರಡೂ ಕಡೆ ಬಿಡುವ 19 ಮಿ.ಮೀ. ಸಂದು ಸೇರಿಸಿದರೂ ಸಿಗುವ ಜಾಗ 38 ಮಿ.ಮೀ. ಮೊಳೆಗಳು ಬಿಗಿಹಿಡಿದಿರುವುದರಿಂದ ಹಲಗೆಗಳು ಅಷ್ಟೂ ಹಿಗ್ಗಲಾರವು, ನಿಜ. ಹಿಗ್ಗಲಾಗದ ಒತ್ತಡ ಎಲ್ಲಿಗೆ ಹೋಗಬೇಕು? ಹಲಗೆಯ ಅಂಚುಗಳು ಮೇಲೆದ್ದು ನಡುಭಾಗ ತಗ್ಗಾಗುತ್ತದೆ. ಇನ್ನೂ ಹೆಚ್ಚಾದರೆ ಸಾಲಿಗೆ ಸಾಲೇ ಮೊಳೆ ಕಿತ್ತುಕೊಂಡು ಎದ್ದು ನಿಲ್ಲುತ್ತದೆ. ಗೋಡೆಯ ಸಂದು ದೊಡ್ಡದಾಗಿ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಎಷ್ಟು ಟೊಳ್ಳು ಎಂಬುದಕ್ಕೆ ಈ ಲೆಕ್ಕವೇ ಸಾಕು. ಸಂದು ಇರುವುದು ಋತುಮಾನದ ಸಣ್ಣ ಏರಿಳಿತಕ್ಕೆ; ಒದ್ದೆ ನೆಲದ ಮೇಲೆ ಹಾಸಿದ್ದಕ್ಕೆ ಅದು ಪ್ರಾಯಶ್ಚಿತ್ತವಾಗುವುದಿಲ್ಲ.

ಈಗ ನಿಮ್ಮ ಹಜಾರ. ಕಾಂಕ್ರೀಟ್ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. 28 ದಿನದ ಲೆಕ್ಕ ಎಲ್ಲರ ಬಾಯಲ್ಲೂ ಇದೆ; ಅದು ಬಲದ ಲೆಕ್ಕ. ಒಣಗುವುದಕ್ಕೆ, ಒಂದೇ ಮುಖದಿಂದ ಒಣಗುವ ಕಾಂಕ್ರೀಟಿಗೆ ಪ್ರತಿ 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಎಂಬ ಸ್ಥೂಲ ಲೆಕ್ಕವಿದೆ. ಅದರಂತೆ ನಿಮ್ಮ 100 ಮಿ.ಮೀ. ನೆಲಕ್ಕೆ ನಾಲ್ಕು ತಿಂಗಳು ಬೇಕು, ಅದೂ ಗಾಳಿ ಆಡುತ್ತಿದ್ದರೆ, ಮೇಲೆ ಮತ್ತೆ ನೀರು ಬೀಳದಿದ್ದರೆ, ಕರಣೆಯಿಂದ ಗಾಜಿನಂತೆ ನುಣುಪಾಗಿ ತಿಕ್ಕದೆ ಬಿಟ್ಟಿದ್ದರೆ. ಮೇಲ್ಮೈ ಬೆಳ್ಳಗೆ ಕಂಡದ್ದು ಮೇಲಿನ ಕೆಲವೇ ಮಿಲಿಮೀಟರ್ ಒಣಗಿದ್ದರ ಗುರುತು, ಅಷ್ಟೆ.

ಹಾಸುವವರಲ್ಲಿ ಹಲವರು ಮಾಡುವ ಪರೀಕ್ಷೆ ಒಂದಿದೆ: ಒಂದೂವರೆ ಅಡಿ ಚದರದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು, ಬಿಚ್ಚಿ ನೋಡುವುದು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅದರ ಅಡಿಯ ಕಾಂಕ್ರೀಟ್ ಕಪ್ಪಾಗಿದ್ದರೆ ನೆಲ ಒದ್ದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹನಿ ಕಟ್ಟದಿದ್ದರೆ ನೆಲ ಒಣಗಿದೆ ಎಂದರ್ಥವಲ್ಲ. ಅನೇಕರು ಎಡವುವುದು ಇಲ್ಲಿಯೇ. ಒಣಗುತ್ತಿರುವ ಕಾಂಕ್ರೀಟಿನ ಮೇಲ್ಭಾಗ ಒಣಗಿ, ಆಳದಲ್ಲಿ ತೇವ ಉಳಿದಿರುತ್ತದೆ. ಮೇಲೆ ಏನನ್ನಾದರೂ ಮುಚ್ಚಿದೊಡನೆ ಆವಿ ಹೋಗುವ ದಾರಿ ಕಟ್ಟಿಹೋಗಿ, ಆಳದ ತೇವ ನಿಧಾನವಾಗಿ ಮೇಲಕ್ಕೆ ಹರಡಿ, ಮೇಲಿಂದ ಕೆಳಗಿನವರೆಗೆ ಒಂದೇ ಸಮವಾಗುತ್ತದೆ. ಅದಕ್ಕೆ ವಾರಗಳು ಬೇಕು; ನಿಮ್ಮ ಹಾಳೆ ಇದ್ದದ್ದು ಒಂದು ರಾತ್ರಿ.

ಆದ್ದರಿಂದ ನಾನು ಕೇಳುವುದು ನೆಲದೊಳಗೇ ಇಳಿಸುವ ಆರ್ದ್ರತೆಯ ಮಾಪಕದ ಅಂಕಿಯನ್ನು. ಕಾಂಕ್ರೀಟಿನ ದಪ್ಪದ ಶೇ. 40ರಷ್ಟು ಆಳಕ್ಕೆ, ನಿಮ್ಮಲ್ಲಿ 40 ಮಿ.ಮೀ., ರಂಧ್ರ ಕೊರೆದು, ದೂಳು ತೆಗೆದು, ಕೊಳವೆ ಇಳಿಸಿ, ಬಾಯಿ ಮುಚ್ಚಿ, ಕನಿಷ್ಠ 24 ಗಂಟೆ ಬಿಟ್ಟು ಒಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಓದುತ್ತಾರೆ. 40 ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ: ನೆಲವನ್ನು ಮುಚ್ಚಿ ತೇವ ಸಮವಾಗಿ ಹರಡಿದ ಮೇಲೆ ಮೇಲ್ಮೈಯಲ್ಲಿ ಎಷ್ಟಿರುತ್ತದೋ ಸರಿಸುಮಾರು ಅಷ್ಟು ಈಗ ಆ ಆಳದಲ್ಲಿ ಇರುತ್ತದೆ. ಒಂದು ಹಜಾರಕ್ಕೆ ಮೂರು ಕಡೆ ಕೊರೆಸಿ; ಒಂದು ರಂಧ್ರ ಹೊರಗೋಡೆಯ ಪಕ್ಕಕ್ಕೇ ಇರಲಿ. ಶೇ. 75ಕ್ಕಿಂತ ಕಡಿಮೆ ಬಂದರೆ ಕೆಲಸ ಮುಂದುವರಿಸಬಹುದು. ಹೆಚ್ಚು ಬಂದರೆ ಎರಡೇ ದಾರಿ: ಕಾಯುವುದು, ಇಲ್ಲವೇ ಮೇಲ್ಮೈಯನ್ನು ಉಜ್ಜಿ ಸಿದ್ಧಪಡಿಸಿ ಎರಡು ಭಾಗ ಬೆರೆಸುವ ಎಪಾಕ್ಸಿ ತೇವತಡೆಯನ್ನು ಬಳಿಯುವುದು. ಎಪಾಕ್ಸಿ ಎಷ್ಟು ಆರ್ದ್ರತೆಯವರೆಗೆ ತಡೆಯುತ್ತದೆ ಎಂಬುದು ಅದರ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಅದನ್ನು ಓದಿ ಕೊಳ್ಳಿ.

ಇನ್ನೊಂದು ಪ್ರಶ್ನೆಗೆ ಉತ್ತರವನ್ನು ನೀವು ಮನೆ ಕಟ್ಟಿದವರಿಂದ ಪಡೆಯಬೇಕು: ಕಾಂಕ್ರೀಟ್ ಹಾಕುವ ಮೊದಲು ಮಣ್ಣಿನ ಮೇಲೆ ಪಾಲಿಥೀನ್ ಹಾಸಿದ್ದಾರೆಯೇ? ಹಾಸಿಲ್ಲದಿದ್ದರೆ ನಿಮ್ಮ ನೆಲ ನಾಲ್ಕಲ್ಲ, ನಲವತ್ತು ತಿಂಗಳಾದರೂ ಪೂರ್ತಿ ಒಣಗುವುದಿಲ್ಲ. ಕೆಳಗಿನ ಮಣ್ಣು ತೇವವನ್ನು ಕೊಡುತ್ತಲೇ ಇರುತ್ತದೆ. ಆಗ ಕಾಯುವುದರಲ್ಲಿ ಅರ್ಥವಿಲ್ಲ, ಎಪಾಕ್ಸಿಯೇ ಗತಿ. ಹಾಗೆಯೇ ಹೊರಗಿನ ಅಂಗಳದ ಮಣ್ಣು ಒಳನೆಲಕ್ಕಿಂತ ಎತ್ತರದಲ್ಲಿದೆಯೇ, ಸೂರಿನ ನೀರು ಗೋಡೆಯ ಬುಡದಲ್ಲೇ ಬೀಳುತ್ತಿದೆಯೇ ನೋಡಿ. ಇವನ್ನು ಸರಿಪಡಿಸದೆ ಒಳಗೆ ಎಷ್ಟು ಬಳಿದರೂ ಅದು ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ. ನೆಲಮಾಳಿಗೆಯಂತೆ ಸುತ್ತಲಿನ ಮಣ್ಣಿಗಿಂತ ಕೆಳಗಿರುವ ಕೋಣೆಯಾದರೆ ಅಖಂಡ ಮರದ ಆಸೆಯನ್ನೇ ಬಿಡಿ ಎನ್ನುತ್ತೇನೆ. ಅಲ್ಲಿಗೆ ಪದರ ಅಂಟಿಸಿ ಮಾಡಿದ ಹಲಗೆಯೇ ಸರಿ.

ಒಣಗಿದೆ ಎಂದು ಖಾತ್ರಿಯಾದ ಮೇಲೆ ಸಮತಟ್ಟಿನ ವಿಚಾರ. “ಲೆವೆಲ್ ಮಾಡಿಸಬೇಕೆ” ಎಂದು ಕೇಳಿದ್ದೀರಿ. ರಸಮಟ್ಟದ ಗುಳ್ಳೆ ನಡುವಿಗೆ ಬರಲೇಬೇಕೆಂದಿಲ್ಲ. ಹಜಾರದ ಒಂದು ತುದಿಗಿಂತ ಇನ್ನೊಂದು ತುದಿ 10 ಮಿ.ಮೀ. ತಗ್ಗಿದ್ದು, ಆ ಇಳಿಜಾರು ಒಂದೇ ಸಮನಾಗಿದ್ದರೆ ಹಲಗೆಗೆ ಅದರಿಂದ ಏನೂ ಆಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಹಲಗೆ ಸಹಿಸದಿರುವುದು ಹಠಾತ್ತನೆ ಬರುವ ಉಬ್ಬನ್ನು, ತಗ್ಗನ್ನು. ತಗ್ಗಿನ ಮೇಲೆ ಸೇತುವೆ ಕಟ್ಟಿದ ಹಲಗೆ ಕಾಲಿಟ್ಟಾಗಲೆಲ್ಲ ಬಗ್ಗಿ ಏಳುತ್ತದೆ. ಮೊಳೆ ಸಡಿಲವಾಗುತ್ತದೆ, ಅಂಚಿನ ನಾಲಿಗೆ ಪಕ್ಕದ ಹಲಗೆಯ ಸೀಳಿನೊಳಗೆ ಉಜ್ಜಿ ಸದ್ದು ಮಾಡುತ್ತದೆ.

ಅಳೆಯುವುದು ಸುಲಭ, ನೀವೇ ಮಾಡಬಹುದು. 3 ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ತನ್ನಿ. ಅದು ನೇರವಾಗಿದೆಯೇ ಎಂದು ಮೊದಲು ನೋಡಬೇಕು: ನೆಲದ ಮೇಲೆ ಇಟ್ಟು ಅಂಚಿಗುಂಟ ಪೆನ್ಸಿಲ್ ಗೆರೆ ಎಳೆಯಿರಿ. ಪಟ್ಟಿಯನ್ನು ಗೆರೆಯ ಆಚೆ ಬದಿಗೆ ಮಗುಚಿ, ಅದೇ ಅಂಚು ಗೆರೆಗೆ ತಾಗುವಂತೆ ಇಡಿ. ಅಂಚು ಗೆರೆಯ ಮೇಲೆ ಉದ್ದಕ್ಕೂ ಕೂತರೆ ಪಟ್ಟಿ ನೇರ. ರಾತ್ರಿ ದೀಪ ಆರಿಸಿ, ಪಟ್ಟಿಯ ಆಚೆ ಬದಿಗೆ ಟಾರ್ಚನ್ನು ನೆಲಕ್ಕೆ ತಾಗಿಸಿ ಹಚ್ಚಿಡಿ. ಎಲ್ಲೆಲ್ಲಿ ತಗ್ಗಿದೆಯೋ ಅಲ್ಲೆಲ್ಲ ಪಟ್ಟಿಯ ಅಡಿಯಿಂದ ಬೆಳಕು ಸೀಳಿಕೊಂಡು ಬರುತ್ತದೆ. ಆ ಸಂದಿಗೆ 5 ಮಿ.ಮೀ. ದಪ್ಪದ ಪ್ಲೈವುಡ್ ಚೂರೊಂದನ್ನು ತೂರಿಸಿ ನೋಡಿ. ಸಲೀಸಾಗಿ ಒಳಗೆ ಹೋದರೆ ಅದು ತುಂಬಬೇಕಾದ ತಗ್ಗು. ಪಟ್ಟಿ ಒಂದೇ ಬಿಂದುವಿನ ಮೇಲೆ ಕೂತು ಎರಡೂ ಕಡೆಗೆ ತೂಗಿದರೆ ಅದು ಉಜ್ಜಬೇಕಾದ ಉಬ್ಬು. ಪಟ್ಟಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸುತ್ತಾ, ತಗ್ಗಿನ ಅಂಚನ್ನು ಪೆನ್ಸಿಲಿನಿಂದ ಸುತ್ತುಗಟ್ಟಿ ಒಳಗೆ ಆಳವನ್ನು ಬರೆದಿಡಿ. ಮೊಳೆ ಬಡಿದು ಹಾಸುವ ನೆಲಕ್ಕೆ 3 ಮೀಟರಿಗೆ 6 ಮಿ.ಮೀ., ಅಂಟಿನಿಂದ ಕೂರಿಸುವುದಕ್ಕೆ 5 ಮಿ.ಮೀ. ಎಂಬುದು ರೂಢಿಯ ಮಿತಿ. ನಾನು ಎರಡಕ್ಕೂ 5 ಎಂದೇ ಹಿಡಿಯುತ್ತೇನೆ.

ಕಾಂಕ್ರೀಟಿನಲ್ಲಿ ಮೊದಲು ಉಬ್ಬನ್ನು ಉಜ್ಜಿಸಿ, ಆಮೇಲೆ ಉಳಿದ ತಗ್ಗನ್ನು ತುಂಬಿಸಿ. ಅನುಕ್ರಮ ತಿರುಗುಮುರುಗಾದರೆ ಒಂದು ಸಣ್ಣ ಉಬ್ಬಿಗೆ ಸರಿಗಟ್ಟಲು ಇಡೀ ಹಜಾರಕ್ಕೆ ಮಿಶ್ರಣ ಸುರಿಯಬೇಕಾಗುತ್ತದೆ. ಉಜ್ಜುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ದೂಳು ಹೀರುವ ಯಂತ್ರ ಜೋಡಿಸಿದ ಗ್ರೈಂಡರ್, ಸರಿಯಾದ ಉಸಿರಾಟದ ಮುಖವಾಡ ಎರಡೂ ಇಲ್ಲದೆ ಆ ಕೆಲಸ ನಡೆಯಕೂಡದು. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವುದು ಕಣ್ಣೊರೆಸುವ ತಂತ್ರ. ತಗ್ಗಿಗೆ ತಾನೇ ಹರಡಿಕೊಳ್ಳುವ ಸಿಮೆಂಟ್ ಆಧಾರಿತ ಮಿಶ್ರಣ ಬರುತ್ತದೆ. ಅದಕ್ಕೆ ಮೊದಲು ಪ್ರೈಮರ್ ಕಡ್ಡಾಯ. ಆ ಮಿಶ್ರಣದಲ್ಲೂ ನೀರಿದೆ, ಆದ್ದರಿಂದ ಅದಕ್ಕೂ ಒಣಗುವ ಕಾಲ ಕೊಡಬೇಕು.

ಇನ್ನು ಆ ಪ್ಲಾಸ್ಟಿಕ್ ಹಾಳೆ ಮತ್ತು ಪ್ಲೈವುಡ್. ಹಾಸುವವರ ಯೋಜನೆಯ ಎಲುಬು ಸರಿಯಿದೆ, ಕೀಲು ತಪ್ಪಿದೆ. ಹಾಳೆ 0.15 ಮಿ.ಮೀ.ಗಿಂತ ತೆಳುವಿರಬಾರದು, ಒಂದರ ಮೇಲೊಂದು 150 ಮಿ.ಮೀ. ಹೊದ್ದಿರಬೇಕು, ಕೂಡಿಕೆಗೆ ಟೇಪು ಹಾಕಿರಬೇಕು, ಗೋಡೆಯ ಮೇಲೆ ಸ್ವಲ್ಪ ಹತ್ತಿಸಿರಬೇಕು. ಆದರೆ ಅಷ್ಟು ಜೋಪಾನವಾಗಿ ಹಾಸಿದ ಹಾಳೆಯ ಮೂಲಕವೇ ಪ್ಲೈವುಡ್ಡನ್ನು ಕಾಂಕ್ರೀಟಿಗೆ ಬಡಿದರೆ ನೂರಾರು ತೂತು ಬೀಳುತ್ತವೆ. ಹಾಗೆ ಮಾಡುವವರು ಇದ್ದಾರೆ, ಅದು ಒಪ್ಪಿತ ವಿಧಾನವೂ ಹೌದು. ನೆಲದ ಅಂಕಿ ತೀರ ಕಡಿಮೆಯಿದ್ದಾಗ ಪರವಾಗಿಲ್ಲ. ನಿಮ್ಮಂಥ ಹೊಸ ನೆಲಕ್ಕೆ ನನಗೆ ಮನಸ್ಸು ಬಾರದು. ನಾನು ಹೇಳುವುದು ತೇಲುವ ಪ್ಲೈವುಡ್, ಅಂದರೆ ಕಾಂಕ್ರೀಟಿಗೆ ಬಡಿಯದೆ ಹಾಳೆಯ ಮೇಲೆ ಬಿಡಿಯಾಗಿ ಕೂರುವಂಥದ್ದು: 12 ಮಿ.ಮೀ. ದಪ್ಪದ ಎರಡು ಪದರ, ಮೊದಲನೆಯದಕ್ಕೆ ಎರಡನೆಯದು ಅಡ್ಡಲಾಗಿ ಅಥವಾ ಓರೆಯಾಗಿ, ಕೂಡಿಕೆಗಳು ಒಂದರ ಮೇಲೊಂದು ಬಾರದಂತೆ. ಎರಡನ್ನೂ ಅಂಟು ಮತ್ತು ಸ್ಕ್ರೂಗಳಿಂದ ಪರಸ್ಪರ ಬಿಗಿಯಬೇಕು. ಸ್ಕ್ರೂವಿನ ಉದ್ದ 24 ಮಿ.ಮೀ.ಗಿಂತ ಕಡಿಮೆ ಇರಬೇಕು, ಇಲ್ಲವಾದರೆ ಹಾಳೆಗೆ ಮತ್ತೆ ತೂತು. ಪ್ಲೈವುಡ್ ಹಾಳೆಗಳ ನಡುವೆ 3 ಮಿ.ಮೀ., ಗೋಡೆಯ ಬಳಿ 19 ಮಿ.ಮೀ. ಸಂದು. ನೀರು ತಾಗಿದರೂ ಪದರ ಬಿಡದ ಅಂಟಿನ ಪ್ಲೈವುಡ್ಡನ್ನೇ ಕೇಳಿ. ಪಾರ್ಟಿಕಲ್ ಬೋರ್ಡ್ ಯಾವ ಕಾರಣಕ್ಕೂ ಬೇಡ, ಅದು ಮೊಳೆಯನ್ನು ಹಿಡಿಯುವುದಿಲ್ಲ.

ಮೊಳೆಯ ಉದ್ದದ ಬಗ್ಗೆಯೂ ಒಂದು ಮಾತು, ಏಕೆಂದರೆ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. 19 ಮಿ.ಮೀ. ಹಲಗೆಗೆ 50 ಮಿ.ಮೀ. ಮೊಳೆ ಎಂಬುದು ರೂಢಿ. ಅದನ್ನು ನಾಲಿಗೆಯ ಬುಡದಿಂದ 45 ಡಿಗ್ರಿ ಓರೆಯಲ್ಲಿ ಹೊಡೆಯುತ್ತಾರೆ, ಆಗ ಅದು ನೇರ ಕೆಳಗೆ ಇಳಿಯುವುದು ಸುಮಾರು 35 ಮಿ.ಮೀ. ಅದರಲ್ಲಿ ಹತ್ತು ಹನ್ನೆರಡು ಮಿಲಿಮೀಟರ್ ಹಲಗೆಯಲ್ಲೇ ಕಳೆಯುತ್ತದೆ. ಉಳಿದ 23ರಿಂದ 25 ಮಿ.ಮೀ. ಪ್ಲೈವುಡ್ಡಿಗೆ. ಮರದ ಜಂತೆಯ ಮೇಲಾದರೆ ಇದು ಚೆನ್ನ. ಕಾಂಕ್ರೀಟಿನ ಮೇಲಿನ 24 ಮಿ.ಮೀ. ಪ್ಲೈವುಡ್ಡಿನಲ್ಲಿ ಮೊಳೆಯ ತುದಿ ಹಾಳೆಯನ್ನು ತಾಗಿಯೇ ತಾಗುತ್ತದೆ. ಹಾಸುವವರು ಒಂದೇ ಪದರ 18 ಮಿ.ಮೀ. ಹಾಕಿದರಂತೂ ಹಾಳೆ ಹರಿದು ಕಾಂಕ್ರೀಟಿಗೆ ಬಡಿದು ಮೊಳೆ ಬಾಗುತ್ತದೆ. ಆದ್ದರಿಂದ ಕೆಳಗಿನ ಹಜಾರಕ್ಕೆ 38 ಮಿ.ಮೀ. ಮೊಳೆ, ಸ್ವಲ್ಪ ಹತ್ತಿರ ಹತ್ತಿರವಾಗಿ, 200 ಮಿ.ಮೀ.ಗೆ ಒಂದರಂತೆ.

ಈ ಎಲ್ಲದರಿಂದ ನೆಲ ಎಷ್ಟು ಏರುತ್ತದೆ? 24ಕ್ಕೆ 19 ಸೇರಿ 43 ಮಿ.ಮೀ. ಬಾಗಿಲುಗಳ ಅಡಿ ಕೊಯ್ಯಿಸಬೇಕು ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಮೆಟ್ಟಿಲು ಹೊಳೆಯುವುದಿಲ್ಲ. ಹಜಾರದಿಂದ ಮೇಲೇರುವ ಮೊದಲ ಮೆಟ್ಟಿಲು ಈಗ 170 ಮಿ.ಮೀ. ಎತ್ತರ ಇದ್ದರೆ 127ಕ್ಕೆ ಇಳಿಯುತ್ತದೆ. ಮೇಲಿನ ಕೋಣೆಯ ಹಲಗೆ ಮೆಟ್ಟಿಲ ತುದಿಯವರೆಗೂ ಬಂದರೆ ಕೊನೆಯ ಮೆಟ್ಟಿಲು 19 ಮಿ.ಮೀ. ಏರುತ್ತದೆ. ಕಾಲಿಗೆ ಒಂದೇ ಎತ್ತರದ ಅಭ್ಯಾಸ. ಒಂದು ಮೆಟ್ಟಿಲು ಬೇರೆಯಾದರೂ ಮುಗ್ಗರಿಸುವುದು ಖಂಡಿತ. ಮೆಟ್ಟಿಲುಗಳಿಗೂ ಹಲಗೆ ಹೊದಿಸುತ್ತೀರೋ, ಎತ್ತರ ಹೊಂದಿಸುತ್ತೀರೋ, ಪ್ಲೈವುಡ್ ತರಿಸುವ ಮೊದಲೇ ತೀರ್ಮಾನಿಸಿ. 43 ಮಿ.ಮೀ. ಎಲ್ಲೂ ಹೊಂದಿಕೆಯಾಗದಿದ್ದರೆ, ಕಾಂಕ್ರೀಟಿಗೆ ನೇರ ಅಂಟಿಸಬಹುದಾದ ಪದರದ ಹಲಗೆಯನ್ನು ಹಜಾರಕ್ಕೆ ಆರಿಸಿಕೊಳ್ಳುವುದರಲ್ಲಿ ಅವಮಾನವೇನಿಲ್ಲ.

ಮೇಲಿನ ಕೋಣೆಗೆ ಬರೋಣ. ಅಲ್ಲಿ ಮೊದಲು ಆ ಕಪ್ಪು ಅಂಟು. ಹಳೆಯ ವಿನೈಲ್ ಚಪ್ಪಡಿಗಳಲ್ಲೂ ಅವನ್ನು ಅಂಟಿಸಿದ ಡಾಂಬರಿನಂಥ ಕಪ್ಪು ಅಂಟಿನಲ್ಲೂ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಒಂದು ಚೂರನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಫಲಿತಾಂಶ ಬರುವವರೆಗೆ ಅದನ್ನು ಉಜ್ಜಬೇಡಿ, ಕೆರೆಯಬೇಡಿ, ಒಣಗಿದ್ದಾಗ ಗುಡಿಸಲೂಬೇಡಿ. ಚೂರು ತೆಗೆಯುವಾಗಲೂ ಆ ಜಾಗವನ್ನು ನೀರಿನಿಂದ ಒದ್ದೆ ಮಾಡಿಕೊಂಡಿರಬೇಕು. ಕಲ್ನಾರು ಇದೆ ಎಂದಾದರೆ ಅದನ್ನು ತೆಗೆಯುವುದು ಪರವಾನಗಿ ಇರುವವರ ಕೆಲಸ. ಅಥವಾ ಕದಡದೆ ಹಾಗೆಯೇ ಬಿಟ್ಟು ಅದರ ಮೇಲೆ ಹೊಸ ಪ್ಲೈವುಡ್ ಪದರ ಮುಚ್ಚುವುದು ಸಾಧ್ಯವೇ ಎಂದು ಅವರನ್ನೇ ಕೇಳಬಹುದು. ಕಲ್ನಾರು ಇಲ್ಲ ಎಂದಾದರೆ ಅಂಟಿನ ದಪ್ಪ ಗಂಟುಗಳನ್ನು ಕೆರೆದು ತೆಗೆದರೆ ಸಾಕು, ಮರದ ಬಣ್ಣ ಕಾಣುವವರೆಗೆ ಶ್ರಮಿಸಬೇಕಾಗಿಲ್ಲ. ಮುಂದೆ ಹೇಳುವುದೆಲ್ಲ ಈ ಫಲಿತಾಂಶ ಕೈಗೆ ಬಂದ ನಂತರದ ಮಾತು.

ಕಿರುಗುಟ್ಟುವಿಕೆ ಬರುವುದು ಪ್ಲೈವುಡ್ ಮೊಳೆಯ ಕಾಂಡದ ಮೇಲೆ ಏರಿಳಿಯುವುದರಿಂದ. ಇಬ್ಬರು ಬೇಕು: ಒಬ್ಬರು ನಿಧಾನವಾಗಿ ಹೆಜ್ಜೆ ಇಡುವುದು, ಇನ್ನೊಬ್ಬರು ನೆಲಕ್ಕೆ ಕಿವಿಗೊಟ್ಟು ಸೀಮೆಸುಣ್ಣದಿಂದ ಗುರುತು ಹಾಕುವುದು. ಹಳೆಯ ಮೊಳೆಗಳ ಸಾಲನ್ನು ನೋಡಿದರೆ ಜಂತೆ ಎಲ್ಲಿದೆ ಎಂದು ತಿಳಿಯುತ್ತದೆ. ಆ ಸಾಲಿನ ಮೇಲೆ ಜಂತೆಯೊಳಗೆ ಕನಿಷ್ಠ 30 ಮಿ.ಮೀ. ಇಳಿಯುವ ಸ್ಕ್ರೂಗಳನ್ನು ಹಾಕಿಸಿ: ಪ್ಲೈವುಡ್ಡಿನ ಅಂಚಿನಲ್ಲಿ 150 ಮಿ.ಮೀ.ಗೆ ಒಂದು, ನಡುವೆ 300 ಮಿ.ಮೀ.ಗೆ ಒಂದು. ಸದ್ದು ಮಾಡದ ಜಾಗವನ್ನೂ ಬಿಡಬೇಡಿ, ಅದು ನಾಳೆ ಮಾಡುತ್ತದೆ. ಜಂತೆ ಸೊರಗಿ ಪ್ಲೈವುಡ್ಡಿನಿಂದ ದೂರ ಸರಿದಿದ್ದರೆ, ಕೆಳಗಿನಿಂದ ಹತ್ತಲು ಸಾಧ್ಯವಿರುವ ಕಡೆ ಅಂಟು ಸವರಿದ ತೆಳು ಬೆಣೆಯನ್ನು ಕೈಯಿಂದ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ಬಡಿದರೆ ಬೆಣೆ ಪ್ಲೈವುಡ್ಡನ್ನೇ ಎತ್ತಿ ಹೊಸ ಉಬ್ಬು ಹುಟ್ಟಿಸುತ್ತದೆ.

ಪ್ಲೈವುಡ್ಡಿನ ದಪ್ಪವನ್ನು ಯಾವುದಾದರೂ ಪೈಪು ಹಾದುಹೋದ ರಂಧ್ರದ ಬಳಿ ಅಳೆಯಿರಿ. ಜಂತೆಗಳು 400 ಮಿ.ಮೀ. ಅಂತರದಲ್ಲಿದ್ದರೆ 18 ಅಥವಾ 19 ಮಿ.ಮೀ. ಸಾಕು. ಅಂತರ 600 ಇದ್ದರೆ 22 ಮಿ.ಮೀ. ಆದರೂ ಬೇಕು. 12 ಮಿ.ಮೀ. ಮಾತ್ರ ಇದ್ದರೆ ಮೇಲೆ ಇನ್ನೊಂದು 12ರ ಪದರ ಹಾಕಿಸಿ. ಹಲಗೆ ಯಾವಾಗಲೂ ಜಂತೆಗೆ ಅಡ್ಡಲಾಗಿ ಓಡಬೇಕು. ಕಿಟಕಿಯ ಬೆಳಕಿನ ದಿಕ್ಕಿಗೆ ಅಂದವಾಗಿ ಕಾಣುತ್ತದೆಂದು ಜಂತೆಗೆ ಸಮಾನಾಂತರವಾಗಿಯೇ ಬೇಕೆಂದರೆ ಆಗಲೂ ಆ ಹೆಚ್ಚುವರಿ 12 ಮಿ.ಮೀ. ಪದರ ಅನಿವಾರ್ಯ.

ಪ್ಲೈವುಡ್ ಹಾಳೆಗಳು ಪರಸ್ಪರ ಒತ್ತಿಕೊಂಡು ಅಂಚು ಉಬ್ಬಿದ್ದರೆ, ಗರಗಸದ ಆಳವನ್ನು ಪ್ಲೈವುಡ್ಡಿನ ದಪ್ಪಕ್ಕೆ ಸರಿಯಾಗಿ ಹೊಂದಿಸಿ ಕೂಡಿಕೆಯ ಮೇಲೆ ಒಮ್ಮೆ ಓಡಿಸಿದರೆ 3 ಮಿ.ಮೀ. ಸಂದು ಸಿಗುತ್ತದೆ, ಆಮೇಲೆ ಉಬ್ಬನ್ನು ಉಜ್ಜಬಹುದು. ಗರಗಸ ಹಿಡಿಯುವ ಮೊದಲು ಕೆಳಗೆ ತಂತಿ, ನೀರಿನ ಪೈಪು ಹಾದಿವೆಯೇ ಎಂದು ತಿಳಿದುಕೊಳ್ಳಿ. ಮೊಳೆಗೂ ಇದೇ ಎಚ್ಚರ ಬೇಕು: ಪ್ಲೈವುಡ್ಡಿನ ಅಡಿಗೆ ತಾಗಿಕೊಂಡೇ ಹೋದ ಪೈಪನ್ನು ಮೊಳೆಯ ತುದಿ ಮುಟ್ಟಬಲ್ಲದು.

ತಗ್ಗು ತುಂಬಲು ಇಲ್ಲಿ ಸಿಮೆಂಟ್ ಮಿಶ್ರಣ ಬೇಡ. ಮೊಳೆ ತೂರುತ್ತಲೇ ಅದು ಬಿರುಕು ಬಿಟ್ಟು ಪುಡಿಯಾಗುತ್ತದೆ. ವರ್ಷ ಕಳೆಯುವುದರೊಳಗೆ ನಡೆದಾಗಲೆಲ್ಲ ಹಲಗೆಯ ಕೆಳಗೆ ಮರಳು ಅರೆದಂಥ ಸದ್ದು. ಡಾಂಬರು ಕಾಗದವನ್ನು ತಗ್ಗಿನ ಆಕಾರಕ್ಕೆ ಕತ್ತರಿಸಿ, ಒಂದರ ಮೇಲೊಂದು ಸಣ್ಣದಾಗುತ್ತಾ ಹೋಗುವಂತೆ ಪದರ ಪದರವಾಗಿ ಕೂರಿಸುವುದು ಹಳೆಯ ಉಪಾಯ, ಈಗಲೂ ಅದೇ ಒಳ್ಳೆಯದು. ಪೆನ್ಸಿಲಿನಿಂದ ಸುತ್ತುಗಟ್ಟಿ ಆಳ ಬರೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಪ್ಲೈವುಡ್ ಸಿದ್ಧವಾದ ಮೇಲೆ ಅದರ ಮೇಲೆ ಡಾಂಬರು ಕಾಗದ ಅಥವಾ ಅಂಥದೇ ಉಸಿರಾಡುವ ಕಾಗದ ಹಾಸಿ. ಪಾಲಿಥೀನ್ ಬೇಡವೇ ಬೇಡ. ಕಾಂಕ್ರೀಟಿನ ಮೇಲೆ ಬೇಕೇ ಬೇಕೆಂದ ಹಾಳೆಯನ್ನು ಇಲ್ಲಿ ಬೇಡವೆನ್ನುವುದು ವಿಚಿತ್ರವಾಗಿ ಕಾಣಬಹುದು. ಕಾಂಕ್ರೀಟಿನ ಮೇಲೆ ತೇವ ಬರುವ ದಿಕ್ಕು ಒಂದೇ, ಕೆಳಗಿನಿಂದ. ಹಾಳೆ ಮರಕ್ಕೂ ತೇವಕ್ಕೂ ನಡುವೆ ನಿಲ್ಲುತ್ತದೆ. ಜಂತೆಯ ನೆಲದಲ್ಲಿ ಹಾಳೆಯ ಎರಡೂ ಕಡೆ ಮರವೇ. ತೇವ ಯಾವ ಕಡೆ ಸೇರಿದರೂ ಅದು ಅಲ್ಲೇ ಸಿಕ್ಕಿಕೊಂಡು ಪ್ಲೈವುಡ್ಡನ್ನೋ ಹಲಗೆಯನ್ನೋ ಕೊಳೆಸುತ್ತದೆ. ಕಾಗದ ತೇವದ ವೇಗ ತಗ್ಗಿಸುತ್ತದೆ, ಆದರೆ ದಾರಿ ಕಟ್ಟುವುದಿಲ್ಲ. (ಜಂತೆಯ ಕೆಳಗೆ ಬರಿ ಮಣ್ಣಿನ ಟೊಳ್ಳು ಜಾಗವಿರುವ ಮನೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ಪಾಲಿಥೀನ್ ಇರಬೇಕಾದದ್ದು ಆ ಮಣ್ಣಿನ ಮೇಲೆ.)

ಕೊನೆಯದಾಗಿ, ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ. ದಿನದ ಲೆಕ್ಕ ಇಲ್ಲ. ಎರಡು ಸೂಜಿಗಳ ತೇವಾಂಶ ಮಾಪಕ ತನ್ನಿ, ಅದನ್ನು ಓಕ್ ಮರಕ್ಕೆ ಹೊಂದಿಸಿಕೊಂಡು ಬೇರೆ ಬೇರೆ ಕಟ್ಟುಗಳಿಂದ ಹತ್ತಾರು ಹಲಗೆಗಳನ್ನು ಚುಚ್ಚಿ ನೋಡಿ. ಹಾಗೆಯೇ ಪ್ಲೈವುಡ್ಡನ್ನು ಹೊರಗೋಡೆಯ ಬದಿ, ಸ್ನಾನದ ಮನೆಯ ಪಕ್ಕ, ಮೂಲೆಗಳಲ್ಲಿ ಚುಚ್ಚಿ, ಅಂಕಿಯನ್ನು ತಾರೀಖಿನೊಂದಿಗೆ ಅಲ್ಲೇ ನೆಲದ ಮೇಲೆ ಪೆನ್ಸಿಲಿನಿಂದ ಬರೆಯಿರಿ. ಪ್ಲೈವುಡ್ ಶೇ. 12 ದಾಟಿರಬಾರದು. 75 ಮಿ.ಮೀ.ಗಿಂತ ಕಿರಿದಾದ ಪಟ್ಟಿಗಳಿಗೆ ಹಲಗೆಗೂ ತಳನೆಲಕ್ಕೂ 4 ಅಂಕಗಳ ಅಂತರ ನಡೆಯುತ್ತದೆ. ನಿಮ್ಮ 125 ಮಿ.ಮೀ. ಹಲಗೆಗೆ 2 ಅಂಕ ಮಾತ್ರ. ಸರಾಸರಿ ತೆಗೆದು ಸಮಾಧಾನಪಟ್ಟುಕೊಳ್ಳಬೇಡಿ. ಒಂಬತ್ತು ಕಡೆ 10 ಇದ್ದು ಒಂದು ಮೂಲೆಯಲ್ಲಿ 15 ಬಂದರೆ ಆ ಮೂಲೆಯಲ್ಲಿ ಎಲ್ಲೋ ನೀರು ಸೋರುತ್ತಿದೆ, ಅದನ್ನು ಹುಡುಕಿ.

ಹಲಗೆ ಯಾವ ಅಂಕಿಗೆ ಬಂದು ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದು ನಿಮ್ಮ ಮನೆಯ ಗಾಳಿ. ಗಾಳಿಯ ಆರ್ದ್ರತೆ ಶೇ. 30 ಇದ್ದರೆ ಮರ ಸುಮಾರು ಶೇ. 6ರಲ್ಲಿ ನೆಲೆ ನಿಲ್ಲುತ್ತದೆ, 50 ಇದ್ದರೆ 9ರಲ್ಲಿ, 65 ಇದ್ದರೆ 12ರಲ್ಲಿ. ಕಾರ್ಖಾನೆಯಿಂದ ಹಲಗೆ ಸಾಮಾನ್ಯವಾಗಿ 6ರಿಂದ 9ರೊಳಗೆ ಬರುತ್ತದೆ. ವರ್ಷದ ಬಹುಪಾಲು ನಿಮ್ಮ ಮನೆಯಲ್ಲಿ ಆರ್ದ್ರತೆ 60ರ ಆಸುಪಾಸಿನಲ್ಲಿದ್ದರೆ, 7ರ ಹಲಗೆಯನ್ನು ಬಂದ ದಿನವೇ ಒತ್ತೊತ್ತಾಗಿ ಬಡಿಸುವುದು ಜಗಳವನ್ನು ಬರಮಾಡಿಕೊಂಡಂತೆ. ಕಟ್ಟು ಬಿಚ್ಚಿ, ಸಾಲುಗಳ ನಡುವೆ ತೆಳು ರಿಪೀಸು ಪಟ್ಟಿ ಕೊಟ್ಟು ಗಾಳಿಯಾಡುವಂತೆ ಜೋಡಿಸಿ, ಅಂಕಿ ಏರುವುದು ನಿಂತು ಕೆಲವು ದಿನ ಅಲ್ಲೇ ಉಳಿಯುವವರೆಗೆ ಬಿಡಿ. ಆ ಕೋಣೆಯಲ್ಲಿ ನೀವು ವಾಸಿಸುವಾಗ ಇರುವಂಥದೇ ಬಿಸಿ, ತಂಪು ಇರಬೇಕು. ಗಾರೆ, ಟೈಲ್ಸ್, ಬಣ್ಣ ಎಲ್ಲವೂ ಮುಗಿದು ಒಣಗಿರಬೇಕು. ಅವುಗಳಿಂದ ಹೊರಡುವ ನೀರಾವಿಯಲ್ಲಿ ಹಲಗೆ ಇಟ್ಟರೆ ಅದು ಹೊಂದಿಕೊಳ್ಳುವುದು ತಪ್ಪು ಗಾಳಿಗೆ.

ಹಲಗೆಗೆ ಇನ್ನೂ ಮುಂಗಡ ಕೊಟ್ಟಿಲ್ಲವಾದರೆ, ಹಜಾರದ ಕಾಂಕ್ರೀಟಿನ ಅಂಕಿ ಬರುವವರೆಗೆ ಕೊಡಬೇಡಿ. ಈಗಾಗಲೇ ಮನೆಗೆ ಬಂದುಬಿಟ್ಟಿದ್ದರೆ ಎಲ್ಲವನ್ನೂ ಮೇಲಿನ ಕೋಣೆಗೆ ಸಾಗಿಸಿ ಅಲ್ಲಿಯೇ ಜೋಡಿಸಿಡಿ. ಕೆಳಗಿನ ಹೊಸ ಕಾಂಕ್ರೀಟಿನ ಮೇಲೆ ಒಂದು ರಾತ್ರಿಯೂ ಇಡಬೇಡಿ. ಹಾಸುವವರಿಗೆ ಮೇಲಿನ ಕೋಣೆಯ ಕೆಲಸವನ್ನು ಮೊದಲು ಕೊಟ್ಟು, ಹಜಾರಕ್ಕೆ ದಿನಾಂಕ ಆಮೇಲೆ ತಿಳಿಸುತ್ತೇವೆ ಎಂದು ಹೇಳಿ.